ಎಡಗಾಲು

ಒಂದು ಮಗುವಿಗೆ ಐದು ಜನ ಬೇಕು.
ತಲೆಗೊಬ್ಬರು, ಕೈಗಿಬ್ಬರು, ಕಾಲಿಗಿಬ್ಬರು.
ನನ್ನ ಪಾಲಿಗೆ ಎಡಗಾಲು.
ಔಲು ಪಟ್ಟಣದ ಆಸ್ಪತ್ರೆ, ಹರೆಯದವರ ಮನೋರೋಗ ವಾರ್ಡು,
ನವೆಂಬರಿನಲ್ಲಿ ಮೂರೂವರೆಗೇ ಕತ್ತಲು.

ಬೆಲ್ಟಿಗೂ ಚರ್ಮಕ್ಕೂ ನಡುವೆ
ಎರಡು ಬೆರಳು ತೂರಬೇಕು. ಅದು ನಿಯಮ.
ನಾನು ತೂರಿಸಿ ನೋಡುತ್ತಿದ್ದೆ, ತಪ್ಪದೆ.
ಇದ್ದ ಕರುಣೆಯೂ ಅಷ್ಟೇ ಅಗಲ.
ಆಮೇಲೆ ನೀಲಿ ರಟ್ಟಿನ ಪುಸ್ತಕ:
ಕಟ್ಟಿದ ಹೊತ್ತು, ಬಿಚ್ಚಿದ ಹೊತ್ತು, ಸಹಿ.
ಕಾರಣದ ಕಾಲಮ್ಮು ಕಿರಿದು,
ಒಂದೇ ಮಾತು ಹಿಡಿಸುತ್ತಿತ್ತು: ಉದ್ರೇಕ.

ಅಂಗಡಿಯಲ್ಲಿ, ಹೆಪ್ಪುಗಟ್ಟಿದ ಮೀನಿನ ಪೆಟ್ಟಿಗೆಗಳ ಹತ್ತಿರ,
ಒಬ್ಬಳು ಹುಡುಗಿ ನನ್ನನ್ನೇ ನೋಡಿದಳು. ವೆನ್ಲಾ.
ಕೂದಲು ಬೆಳೆದಿತ್ತು, ಕೈಯಲ್ಲಿ ಹಾಲು.
"ನೀವು ಎಡಗಾಲು ಅಲ್ವಾ?"
ಸಿಟ್ಟಿರಲಿಲ್ಲ ದನಿಯಲ್ಲಿ. ಗುರುತು, ಅಷ್ಟೆ.
ನನ್ನ ಹೆಸರು ಐರ್ಯಾ ಎನ್ನಲು ಬಾಯಿ ಬರಲಿಲ್ಲ.
ಹೌದು ಅಂದೆ.
"ನಿಮ್ಮ ಕೈ ತಣ್ಣಗಿತ್ತು"
ಅಂದವಳೇ ಹಾಲಿಗೆ ದುಡ್ಡು ಕೊಡಲು ಹೋದಳು.

ಕಾಲು ಹಿಡಿದವರು ಕ್ಷಮೆ ಕೇಳುವುದು ರೂಢಿ.
ನಾನು ಇಪ್ಪತ್ತೆರಡು ವರ್ಷ ಹಿಡಿದೆ,
ಒಮ್ಮೆಯೂ ಕೇಳಲಿಲ್ಲ.

ಮಾರನೇ ವಾರದ ಸಭೆಯಲ್ಲಿ ಇದನ್ನು ಹೇಳಿದೆ.
ಕಾಫಿ ಆರಿತು.
ಬಲಗೈ ಹಿಡಿಯುವ ತಾಪಿಯೋ ಕಿಟಕಿ ನೋಡುತ್ತ
"ಪೆಟ್ಟು ಬಿದ್ದರೆ?" ಅಂದ.
ಅವನಿಗೆ ಬಿದ್ದಿದೆ, ಎರಡು ಹಲ್ಲು ಕಟ್ಟಿಸಿದ್ದಾನೆ.
ಉತ್ತರ ನನ್ನಲ್ಲಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಒಂಟಿ ಕೋಣೆಯ ಬಾಗಿಲು ಕಳಚಿಸಿದೆವು,
ತಿಜೋರಿಯ ಬಾಗಿಲಿನಂಥದ್ದು,
ಅದನ್ನು ಹೊರಲೂ ಐದು ಜನ ಬೇಕಾಯಿತು.
ಕಾರಣದ ಕಾಲಮ್ಮನ್ನು ಪುಟದಗಲ ಮಾಡಿದೆವು.
ಅಷ್ಟು ಜಾಗ ತುಂಬಿಸಬೇಕೆಂದರೆ
ಮೊದಲು ಮಗುವನ್ನೇ ಏನಾದರೂ ಕೇಳಬೇಕಲ್ಲ.
ಮಾರ್ಚಿನಲ್ಲಿ ಒಮ್ಮೆ ಮತ್ತೆ ಕಟ್ಟಿದೆವು. ಹದಿನೇಳು ನಿಮಿಷ.
ಬರೆದಿದೆ. ಅಳಿಸಿಲ್ಲ.

ನಿನ್ನೆ ರಾತ್ರಿ ಏಲಿಸ್ ತಟ್ಟೆ ಒಡೆದ, ಕುರ್ಚಿ ಎತ್ತಿದ.
ತಾಪಿಯೋ ನೆಲದ ಮೇಲೆ ಕೂತ.
ನಾನೂ ಕೂತೆ, ಮಂಡಿ ಲಟಕ್ಕೆಂದಿತು.
ಕುರ್ಚಿ ಗಾಳಿಯಲ್ಲೇ ಇತ್ತು ಸ್ವಲ್ಪ ಹೊತ್ತು,
ಆಮೇಲೆ ಭಾರವಾಗಿರಬೇಕು.
ನಲವತ್ತು ನಿಮಿಷ ಯಾರೂ ಏನೂ ಗೆಲ್ಲಲಿಲ್ಲ.
"ಹೊರಗೆ" ಅಂದ.

ಹೊರಗೆ ಮೈನಸ್ ಹತ್ತೊಂಬತ್ತು.
ಕಪಾಟಿನ ಬೀಗ ತೆಗೆದು ಬೂಟು ತಂದೆ.
ಅವನ ಬೆರಳಿಗೆ ನಡುಕ, ಲೇಸು ಸಿಗುತ್ತಿರಲಿಲ್ಲ.
"ಕಟ್ಟಲಾ?"
ಆ ಮಾತು ನನ್ನ ಬಾಯಲ್ಲಿ ಪ್ರಶ್ನೆಯಾದದ್ದು ಅದೇ ಮೊದಲು.
ಅವನು ಎಡಗಾಲು ಚಾಚಿದ.
ಕಟ್ಟಿ, ಎರಡು ಬೆರಳು ತೂರಿಸಿ ನೋಡಿದೆ, ಹಳೇ ಅಭ್ಯಾಸ.
"ಬಲಗಾಲು ನಾನೇ ಕಟ್ಕೋತೀನಿ" ಅಂದ.

ತುಂಬ ಹೊತ್ತು ಹಿಡಿಯಿತು.
ತಾಪಿಯೋ ಬಾಗಿಲು ಹಿಡಿದು ನಿಂತಿದ್ದ,
ಹಿಮ ಒಳಗೆ ಬರುತ್ತಿತ್ತು.