ನಾಲ್ಕನೇ ಜ್ವರ

ನಮ್ಮ ಕಡೆ ಹುಳ ಮಲಗೋದಿಲ್ಲ, ಜ್ವರಕ್ಕೆ ಕೂರುತ್ತೆ.
ತಲೆ ಎತ್ತಿ, ಮೇವು ಬಿಟ್ಟು,
ಹಳೇ ತೊಗಲೊಳಗೆ ಹೊಸ ತೊಗಲು ಕಟ್ಟೋವರೆಗೂ
ಒಂದು ಹಗಲು ಒಂದು ರಾತ್ರಿ ಕದಲದೆ ಕೂರುತ್ತೆ.
ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು,
ಮೇಲೆ ಹಗುರಾಗಿ ಸುಣ್ಣ ಉದುರಿಸಿ
ಬಾಗಿಲು ಮರೆ ಮಾಡಿ ಬಂದುಬಿಡಬೇಕು.

ಇದನ್ನೆಲ್ಲ ಕಲಿಸಿದ್ದು ಅತ್ತೆ, ಅಕ್ಕಯಮ್ಮ,
ನಾನು ಮೇಲೂರಿಗೆ ಸೊಸೆಯಾಗಿ ಬಂದ ಮೂರನೇ ದಿನ.
ಅಂಗೈಯ ಅರಿಶಿನ ಇನ್ನೂ ಹೋಗಿರಲಿಲ್ಲ.
"ಮೊದಲು ಕೈ ತೊಳಿ" ಅಂದಿದ್ದಳು,
"ಹುಳಕ್ಕೆ ವಾಸನೆ ಆಗಿಬರಲ್ಲ."

ತಾನು ಯಾವತ್ತು ಕೂತಳು ಜ್ವರಕ್ಕೆ?
ರಾತ್ರಿ ಹತ್ತಕ್ಕೊಂದು ಸೊಪ್ಪು, ಎರಡಕ್ಕೊಂದು,
ಐದಕ್ಕೆ ಕುಡುಗೋಲು ಹಿಡಿದು ತೋಟಕ್ಕೆ.
ವರ್ಷಕ್ಕೆ ಆರು ಬೆಳೆ. ನಲವತ್ತೆರಡು ವರ್ಷ.
ಗೂಡು ಹೊತ್ತ ಟೆಂಪೋ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಟ ಮೇಲೆ
ಖಾಲಿ ಚಂದ್ರಿಕೆಗೆ ಒರಗಿ ಒಂದಿಷ್ಟು ತೂಕಡಿಸಿ
"ಸಾಕು, ಆಯ್ತು ನಿದ್ದೆ" ಅಂತ ಎದ್ದುಬಿಡುವಳು.

ಮೊದಲು ಹೋದದ್ದು ಉಪ್ಪಿನ ಡಬ್ಬಿಯ ಜಾಗ.
ಆಮೇಲೆ ಮೊಮ್ಮಗಳ ಹೆಸರು.
ಆಮೇಲೆ ಕನ್ನಡ.
ತವರಿನ ತೆಲುಗಲ್ಲಿ ನನ್ನನ್ನೇ ಕೇಳುತ್ತಾಳೆ,
"ಎವರಮ್ಮಾ ನುವ್ವು?"
ಸೊಪ್ಪು ಕೊಯ್ಯೋಕೆ ಬಂದವಳು ಅಂತೀನಿ. ಒಪ್ಪುತ್ತಾಳೆ.
ಎರಡು ಗಂಟೆಯೊಂದನ್ನು ಮಾತ್ರ ಮರೆತಿಲ್ಲ.
ಗಡಿಯಾರ ನೋಡದೆ ಏಳುತ್ತಾಳೆ,
ಕತ್ತಲಲ್ಲೇ ಕುಕ್ಕೆ ತಡಕುತ್ತಾಳೆ.
ಮೊನ್ನೆ ಸೊಪ್ಪು ಸಿಗದೆ
ನನ್ನ ಹಸಿರು ಸೀರೆಯನ್ನ ಸಣ್ಣಗೆ ಹರಿದು
ಎಂಟು ತಟ್ಟೆಗೂ ಸಮವಾಗಿ ಹರಡಿದ್ದಳು.

ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಸ್ಕ್ಯಾನನ್ನ ಕಿಟಕಿಗೆ ಹಿಡಿದು
"ಗಾಢ ನಿದ್ದೆಯಲ್ಲಿ ಮಿದುಳು
ತನ್ನ ಕಸ ತಾನೇ ತೊಳ್ಕೊಳ್ಳುತ್ತೆ" ಅಂದರು.
ನನಗೆ ಗೊತ್ತಿದ್ದ ಕೆಲಸವೇ: ಹಾಸಿಗೆ ತೆಗೆಯೋದು.
ಬಲೆ ಹಾಸಿ ಮೇಲೆ ಹೊಸ ಸೊಪ್ಪು ಹಾಕಿದರೆ
ಹುಳ ತಾವಾಗಿ ಹತ್ತಿ ಬರುತ್ತವೆ,
ಕೆಳಗಿನ ಹಿಕ್ಕೆ, ಒಣ ದಂಟು, ಸತ್ತದ್ದು, ಸೊರಗಿದ್ದು
ಸುತ್ತಿ ತಿಪ್ಪೆಗೆ.
ಒಂದು ದಿನ ಬಿಟ್ಟರೆ ಕಾವು, ಎರಡು ದಿನ ಬಿಟ್ಟರೆ ರೋಗ.

"ಹಾಗಾದ್ರೆ ನಮ್ಮತ್ತೆ ತಲೇಲಿ
ನಲವತ್ತೆರಡು ವರ್ಷದ ಹಾಸಿಗೆ ಹಾಗೇ ಇದೆಯಾ ಮೇಡಂ?"
ಅವರು ನಗಲಿಲ್ಲ.
"ಅದೊಂದೇ ಕಾರಣ ಅನ್ನೋಕಾಗಲ್ಲ. ವಯಸ್ಸಿದೆ, ಬಿಪಿ ಇದೆ.
ಕಾಯಿಲೆ ಬಂದೂ ನಿದ್ದೆ ಕೆಡುತ್ತೆ,
ಯಾವುದು ಮುಂದೆ ಯಾವುದು ಹಿಂದೆ, ಬಿಡಿಸೋದು ಕಷ್ಟ."
ಪೆನ್ನಿನ ಮುಚ್ಚಳ ಹಾಕಿ,
"ನೀವು ಎಷ್ಟು ಗಂಟೆ ಮಲಗ್ತೀರ?"

ಬೆರಳು ಮಡಚೋಕೆ ಹೋದೆ.
ಬಸ್ಸಲ್ಲೂ ಮಡಚುತ್ತಲೇ ಇದ್ದೆ,
ನಮ್ಮ ಸ್ಟಾಪು ದಾಟಿ ಹೋಗಿತ್ತು.

ಶುಕ್ರವಾರ ಹುಳ ನಾಲ್ಕನೇ ಜ್ವರಕ್ಕೆ ಕೂತವು.
ಒಂದು ಹಳೇ ಸೆರಗು ಸೀಳಿ
ಅವಳ ಕಾಲಿಗೊಂದು ಗಂಟು, ನನ್ನ ಕಾಲಿಗೊಂದು,
ಎದ್ದರೆ ಎಳೆಯಲಿ ಅಂತ.
ಎಳೆಯಲಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಒಲೆಯವರೆಗೂ ಬಂದಿತ್ತು.
ಎಷ್ಟು ವರ್ಷಕ್ಕೆ! ಯಾರದೋ ಮೈಯಲ್ಲಿ ಎದ್ದ ಹಾಗೆ.
ಗಂಟು ಬಿಚ್ಚಿ ಚೊಕ್ಕವಾಗಿ ಮಡಚಿಟ್ಟಿತ್ತು.
ಚಾಪೆಯ ಸುತ್ತ, ಹೊದಿಕೆಯ ಮೇಲೆ, ನನ್ನ ಕೂದಲಲ್ಲಿ
ಜರಡಿ ಹಿಡಿದ ಹಾಗೆ ತೆಳ್ಳಗೆ ಸುಣ್ಣ.
ಕುಕ್ಕೆ ಬೋರಲು ಹಾಕಿ ಬಾಗಿಲಿಗೆ ಅಡ್ಡ ಕೂತು ಅವಳು
ಹಾಲಿನ ಹುಡುಗನಿಗೆ ತುಟಿಯ ಮೇಲೆ ಬೆರಳಿಟ್ಟು
ಕನ್ನಡದಲ್ಲಿ ಹೇಳುತ್ತಿದ್ದಳು,
"ಸದ್ದು ಮಾಡಬೇಡ. ಜ್ವರಕ್ಕೆ ಕೂತಿದೆ."

ಹಿತ್ತಲಿಗೆ ಹೋಗಿ ತಲೆ ಕೊಡವಿದೆ.
ಕನ್ನಡಿ ನೋಡಿ ಮತ್ತೊಮ್ಮೆ ಕೊಡವಿದೆ.
ಕಿವಿಯ ಮೇಲಿನ ನಾಲ್ಕೆಳೆ ಬಿಳುಪು
ಉದುರಲಿಲ್ಲ.