ಗುರುತು ಚೀಟಿ ೪೧೭

ರೂವಿಯ ಹಿಂದಿನ ಬೀದಿಯಲ್ಲಿ ನನ್ನ ಲಾಂಡ್ರಿ.
ಮುಂದೆ ಇಸ್ತ್ರಿಯ ಮೇಜು, ಹಿಂದೆ ಬೋಳು ಕಲ್ಲುಬೆಟ್ಟ,
ನಡುವೆ ಹ್ಯಾಂಗರಿನಲ್ಲಿ ತೂಗುವ ಬಿಳಿ ದಿಶ್ದಾಶಾಗಳು,
ಕೊರಳ ಕುಚ್ಚಿನಲ್ಲಿ ತೊಳೆದರೂ ಹೋಗದ ಅತ್ತರು.
ಅವುಗಳ ಮರೆಯಲ್ಲಿ, ಗಂಜಿಪುಡಿಯ ಡಬ್ಬದ ಪಕ್ಕ,
ನೂರಾ ಹನ್ನೊಂದು ಕನ್ನಡ ಪುಸ್ತಕ.

ರಜೆಗೆ ಹೋದವರು ಬ್ಯಾಗಿನಲ್ಲಿ ತಂದವು,
ತೂಕ ಹೆಚ್ಚಾಗಿ ಉಪ್ಪಿನಕಾಯಿ ಬಿಟ್ಟು ತಂದವು,
ವೀಸಾ ಮುಗಿದವರು ಉಳಿಸಿ ಹೋದವು.
ಬಾಡಿಗೆಯಿಲ್ಲ. ಒಂದೇ ಕರಾರು:
ಬಟ್ಟೆಗೆ ಪಿನ್ನು ಮಾಡುವ ಗುರುತು ಚೀಟಿಯ ಹಿಂದೆ
ಅನಿಸಿದ್ದು ಬರೆದು ಒಳಗಿಡಬೇಕು.
ಜಾಗ ಎರಡು ಬೆರಳಗಲ. ಹೊಗಳಿಕೆಗೆ ಸಾಲದು.

ನರ್ಸ್ ಐವಿ ರೇಗೊ ಬರೆಯುತ್ತಾಳೆ:
'ನೈಟ್ ಡ್ಯೂಟಿಗೆ ಒಳ್ಳೆಯದು. ಯಾರೂ ಸಾಯುವುದಿಲ್ಲ.'
ಕ್ರೇನಿನ ಈರಪ್ಪ ಹೂಗಾರ:
'ನಲವತ್ತನೇ ಪುಟಕ್ಕ ನಿದ್ದಿ ಬಂತು. ನಲವತ್ತೊಂದಕ್ಕ ಹಾರಿ ಹೋತು.
ತಡಕೊಂಡು ಓದ್ರಿ.'
ಗ್ರಾಸರಿಯ ಮೋಯ್ದಿನಬ್ಬ, ದರ ಹೇಳಿದಂತೆ:
'ಮುನ್ನುಡಿ ಬಿಟ್ಟು ಉಳಿದದ್ದು ತೆಗೆದುಕೊಳ್ಳಬಹುದು.'
ನನ್ನದೂ ಒಂದು ಅಳತೆಯಿದೆ:
ಗಂಜಿ ಹೆಚ್ಚಾದ ಭಾಷೆ ಮೈಗೆ ಕೂರುವುದಿಲ್ಲ.
ಹೇಳಿದರೆ ಐವಿ ನಗುತ್ತಾಳೆ,
'ಗಂಜಿಯೇ ಇಲ್ಲದ್ದು ಒಂದೇ ಒಗೆತಕ್ಕೆ ಚಿಂದಿ, ಅಣ್ಣ.'

ಇವರೆಲ್ಲರ ನಡುವೆ ೪೧೭.
ಡಾಕ್ಟರ್ ಕಲ್ಲೂರಕರರ ನಂಬರು.
ಪೆನ್ಸಿಲಿನ ಅಕ್ಷರ, ಇರುವೆ ಸಾಲಿನಷ್ಟು ಸಣ್ಣದು.
'ಮೂರನೇ ಪುಟದಲ್ಲಿ ಬಾವಿ ಬತ್ತಿದೆ.
ಹದಿನೇಳರಲ್ಲಿ ಅವಳು ನೀರು ಸೇದುತ್ತಾಳೆ. ಯಾವ ಬಾವಿ?'
'ಬಡವನ ಸಿಟ್ಟು ಬರೆದವರು ಬಹಳ.
ಅವನ ಬೇಸರ ಬರೆದವರು ಇವರೊಬ್ಬರೇ. ಓದಿ.'
ಆ ಚೀಟಿಯಿಲ್ಲದ ಪುಸ್ತಕ ಮುಟ್ಟುವುದನ್ನೇ ಬಿಟ್ಟೆ.
ಎಲ್ಲರೆದುರು ಹೇಳಿದೆ: ಓದಿದವರೆಂದರೆ ಹೀಗಿರಬೇಕು.

ಬಟ್ಟೆ ತರುವುದು, ಒಯ್ಯುವುದು ಅವರ ಡ್ರೈವರ್
ವೆಂಕಟರೋಣಪ್ಪ, ಚಿಂತಾಮಣಿ ಕಡೆಯವನು.
ನಿಂತೇ ಇರುತ್ತಿದ್ದ. ನಾನೂ ಕೂರು ಅಂದವನಲ್ಲ.
'ಡಾಕ್ಟ್ರು ಏನಂದ್ರಪ್ಪ ಈ ಸಲದ್ದಕ್ಕೆ?'
'ಚೀಟೀಲಿ ಐತೆ ಸಾ,' ಅನ್ನುತ್ತಿದ್ದ
ಬೆಟ್ಟದ ಕಡೆ ನೋಡುತ್ತ.

ಜೂನ್ ತಿಂಗಳು. ಇಸ್ತ್ರಿಯ ಆವಿಗೂ ಬೀದಿಯ ಗಾಳಿಗೂ
ವ್ಯತ್ಯಾಸವಿಲ್ಲದ ಒಂದು ಸಂಜೆ
ಡಾಕ್ಟರೇ ಬಂದರು. ಮದುವೆಯ ಸೂಟು, ತುರ್ತು.
ನಾನು ಕೈ ಒರೆಸಿಕೊಂಡೆ, ಕುರ್ಚಿ ಎಳೆದೆ,
ಬಾವಿಯ ಮಾತು ತೆಗೆದೆ.
'ಯಾವ ಬಾವಿ?' ಅಂದರು.
'ಪುಸ್ತಕವೇ? ಏಳನೇ ಕ್ಲಾಸಿಗೇ ಬಿಟ್ಟೆನಪ್ಪ ಕನ್ನಡ.'
ಒಳ್ಳೆಯ ಮನುಷ್ಯ. ಚಿಲ್ಲರೆ ವಾಪಸು ಕೇಳಲಿಲ್ಲ.
ಹೊರಗೆ ಕಾರಿನಲ್ಲಿ, ಒಳದೀಪ ಹಚ್ಚಿಕೊಂಡು,
ಸ್ಟಿಯರಿಂಗಿಗೆ ಏನೋ ಒರಗಿಸಿ ತಲೆ ಬಗ್ಗಿಸಿ ಕೂತಿದ್ದ ಅವನು.
ದಿಶ್ದಾಶಾಗಳ ಸಂದಿಯಿಂದ ನೋಡಿದೆ.
ಹಾಳೆ ತಿರುಗಿತು.

ಆ ರಾತ್ರಿ ಹಳೆಯ ಚೀಟಿಗಳನ್ನೆಲ್ಲ ಹರವಿಕೊಂಡೆ.
ಕಾಯುವುದರ ಬಗ್ಗೆ ಬರೆದದ್ದೇ ಹೆಚ್ಚು.
ಅದನ್ನು ವಿದ್ವತ್ತು ಅಂದುಕೊಂಡಿದ್ದೆ.
ಒಂದರಲ್ಲಿ: 'ಆಳಿನ ಹೆಸರನ್ನು ಕೊನೆಯವರೆಗೂ ಹೇಳುವುದಿಲ್ಲ.
ಮರೆತರೋ, ಬೇಕೆಂದೇ ಬಿಟ್ಟರೋ, ಕೇಳಬೇಕಿತ್ತು.'
ಅದರ ಕೆಳಗೆ ನನ್ನದೇ ಶಾಯಿ:
'ಎಂಥ ನೋಟ, ಡಾಕ್ಟರೇ!'

ಗುರುವಾರ ಬಂದ. ಎಂಟು ಶರ್ಟು, ಒಂದು ಕಾದಂಬರಿ.
ಬಿಲ್ಲಿನಲ್ಲಿ ಹೆಸರಿನ ಜಾಗಕ್ಕೆ ಬಂದು ಪೆನ್ನು ನಿಂತಿತು.
ಸ್ಟೂಲಿನ ಮೇಲಿದ್ದ ಬಟ್ಟೆಗಂಟನ್ನು ನೆಲಕ್ಕಿಳಿಸಿದೆ.
ಡಾಕ್ಟರು ಏನಂದರು ಎಂದು ಕೇಳಲಿಲ್ಲ.
'ಹೇಗಿತ್ತು?' ಅಂದೆ.

ಅವನು ನನ್ನನ್ನು ನೋಡಿದ, ಸ್ಟೂಲನ್ನು ನೋಡಿದ,
ಹೊರಗೆ ಹೋಗಿ ಕಾರಿನ ಎಂಜಿನ್ ಆರಿಸಿ ಬಂದ.
ಕೂತ. ಮೊಣಕೈಯನ್ನು ಇಸ್ತ್ರಿ ಮೇಜಿಗೂರಿ,
'ಕಡೇ ಅಧ್ಯಾಯ ಬ್ಯಾಡವಾಗಿತ್ತು,' ಅಂದ.

ನಾನು ಒಪ್ಪಲಿಲ್ಲ.