ಕೊಸರು

ಹಲ್ ಊರಿನಲ್ಲಿ ಫೋನ್ ಬೂತುಗಳು ಕೆಂಪಲ್ಲ,
ಕೆನೆಬಣ್ಣ.
ಬಂದ ವರ್ಷ ನನಗೆ ಗೊತ್ತಿದ್ದದ್ದು ಅದೊಂದು,
ಮತ್ತೆ, ಹಂಬರ್ ಕಡೆಯಿಂದ ಗಾಳಿ ಬಂದರೆ
ಕೊಡೆ ಬಿಚ್ಚಬಾರದು ಅನ್ನುವುದೊಂದು.

ಮಂಗಳವಾರ ಸಂಜೆ ಆರಕ್ಕೆ, ಕೋಣೆ ಬಿ ಹದಿನಾಲ್ಕು.
ವಿಷಯ: ವ್ಯಾಪಾರದ ಮಾತುಕತೆ.
ಹನ್ನೊಂದು ಜನ, ಏಳು ದೇಶ,
ಒಂದು ಹೀಟರು, ಅದೂ ಮನಸ್ಸು ಬಂದಾಗ.

ಮೊದಲ ಅಭ್ಯಾಸ: ಹಳೆಯ ವ್ಯಾನ್ ಒಂದನ್ನು ಮಾರಿ.
ಮಾರುವವರ ಹಾಳೆಯಲ್ಲಿ ಕನಿಷ್ಠ, ಕೊಳ್ಳುವವರ ಹಾಳೆಯಲ್ಲಿ ಗರಿಷ್ಠ,
ಇಪ್ಪತ್ತೇ ನಿಮಿಷ.
ರೆಬ್ವಾರ್, ಸುಲೈಮಾನಿಯಾದವನು,
ಬಸ್‌ಸ್ಟ್ಯಾಂಡಿನ ಹಿಂದೆ ಕ್ಷೌರದಂಗಡಿ ಇಟ್ಟವನು,
ಹತ್ತೊಂಬತ್ತು ನಿಮಿಷ
ಎದುರಿಗಿದ್ದ ಕೀಲಿಯ ತಾಯಿಯ ಮಂಡಿನೋವು ವಿಚಾರಿಸಿದ.
ಗಂಟೆ ಹೊಡೆಯಿತು. ವ್ಯಾನ್ ನಿಂತಲ್ಲೇ ನಿಂತಿತ್ತು.
ನಾನು ಬರೆದೆ: ಬೆಲೆಯ ಪ್ರಸ್ತಾಪವೇ ಇಲ್ಲ.
'ಮೊದಲ ದಿನ ಯಾರು ಮೇಡಂ ಬೆಲೆ ಮಾತಾಡ್ತಾರೆ?
ನಾಳೆ ಬರ್ತಾಳೆ ನೋಡಿ.'
ಮರುದಿನ ಕೀಲಿ ಅವನಂಗಡಿಗೆ ಹೋದದ್ದು ನಿಜ,
ವ್ಯಾನಿಗಲ್ಲ, ತಮ್ಮನ ಕೂದಲು ಕತ್ತರಿಸಲು.

ಅಂಕಪಟ್ಟಿಯಲ್ಲಿ ಮಂಡಿನೋವಿಗೆ ಚೌಕ ಇರಲಿಲ್ಲ.
ಮೌನಕ್ಕೂ ಇರಲಿಲ್ಲ.

ಥುಯ್ ಏನೂ ಅನ್ನಲಿಲ್ಲ.
ಮೇಜಿನಂಚು ನೋಡಿದಳು, ಅಷ್ಟೆ.
ಎದುರಿಗೆ ಕಾಲಿನ್, ಅರವತ್ತೆರಡು,
ಮೀನುಕಟ್ಟೆಯ ಕೆಲಸ ಹೋದ ಮೇಲೆ
ಉಳಿದ ಕೆಲಸವೆಲ್ಲ ಮಾಡಿ ನೋಡಿದವನು,
ತಾನೇ ಹೇಳಿದ ಬೆಲೆಯನ್ನು ತಾನೇ ಇಳಿಸಿದ,
ಮತ್ತೆ ಇಳಿಸಿದ,
ಬೆವರೊರೆಸಿಕೊಂಡು ಮೂರನೇ ಸಲವೂ.
'ಬೈದಿದ್ರೂ ಪರವಾಗಿರಲಿಲ್ಲ' ಅಂದ ಆಮೇಲೆ.
ಅವಳಿಗೆ ನಾನು ಕೊಟ್ಟದ್ದು:
ಪಾಲ್ಗೊಳ್ಳುವಿಕೆ, ಹತ್ತಕ್ಕೆ ಎರಡು.

ಕೊಟ್ಟವಳು ಯಾರು?
ದನದ ಸಂತೆಯ ದಲ್ಲಾಳಿಯ ಮಗಳು.
ಅಪ್ಪ ಟವೆಲ್ಲಿನಡಿ ಕೈ ತೂರಿಸಿ
ಬೆರಳು ಹಿಡಿದರೆ ಸಾವಿರ, ಗೆಣ್ಣು ಒತ್ತಿದರೆ ನೂರು,
ಒಂದು ಜೋಡಿ ಎತ್ತು ಯಜಮಾನನ್ನು ಬದಲಿಸುವುದು;
ಬಾಯಲ್ಲಿ ಮಾತ್ರ ಮಗಳ ಮದುವೆ, ಬಸ್ಸಿನ ಟೈಮು.
ನನ್ನ ತರಗತಿಯಲ್ಲಿ ಅಪ್ಪನಿಗೂ ಎರಡೇ ಬರುತ್ತಿತ್ತು.

ಆ ರಾತ್ರಿ ತಿದ್ದಲು ಕೂತೆ. ಸಿಸ್ಟಂ ಲಾಕ್ ಆಗಿತ್ತು.

ಮುಂದಿನ ವಾರ ಸ್ಟಾಫ್ ಅಡುಗೆಕೋಣೆಯಿಂದ
ಸೇತುವೆಯ ಚಿತ್ರವಿದ್ದ ಟೀ ಟವೆಲ್ ತಂದೆ.
ಒದ್ದೆಯಿತ್ತು, ಇರಲಿ.
ಒಳಗೆ ರೆಬ್ವಾರನ ಬೆರಳು, ಕಾಲಿನ್‌ನ ಬೆರಳು.
ಅವನದೊಂದು ಅರ್ಧಕ್ಕೇ ನಿಂತಿದೆ, ಹಡಗಿನ ಹಗ್ಗಕ್ಕೆ ಹೋದದ್ದು.
'ಹಾಗಾದ್ರೆ ನನ್ನ ಹತ್ರ ಯಾವಾಗಲೂ ಅರ್ಧ ಬೆಲೆ!'
ಕೋಣೆಯೇ ನಕ್ಕಿತು. ಹೀಟರೂ ಗುರ್ ಅಂದಿತು.

ಆ ನಗುವಿನಲ್ಲಿ ಬಾಯಿ ಜಾರಿ ಬಂತು:
ಕೊಸರು.
ಏನು ಹಾಗಂದ್ರೆ? ಅಂದಳು ಕೀಲಿ.
ಅಳೆದ ಮೇಲೆ, ದುಡ್ಡು ಎಣಿಸಿದ ಮೇಲೆ,
ತಕ್ಕಡಿ ಕೆಳಗಿಟ್ಟ ಮೇಲೆ
ಚೀಲಕ್ಕೆ ಬೀಳುತ್ತದಲ್ಲ, ಆ ಒಂದು ಹಿಡಿ.
ಡಿಸ್ಕೌಂಟ್ ಅಲ್ಲ, ಅದು ಕಳೆಯುವ ಲೆಕ್ಕ.
ಬೋನಸ್ ಅಲ್ಲ, ಅದಕ್ಕೆ ಕಾಗದ ಬೇಕು.
ಎಬಿಯೆರೆ ಮೇಜು ಕುಟ್ಟಿದಳು: 'ಜಾರಾ! ಜಾರಾ!
ಅದು ಕೊಡದವಳ ಟೊಮೆಟೊ ನಮ್ಮಮ್ಮ ಮುಟ್ಟೋದೇ ಇಲ್ಲ.'
ಕಾಲಿನ್ ನೆನೆಸಿಕೊಂಡ, ಬೇಕರಿಯವನ ಡಜನ್ನು,
ಎಣಿಸಿದರೆ ಹದಿಮೂರು.
ಆಗ ಥುಯ್ ತಲೆಯೆತ್ತಿ ಒಂದು ಪದ ಹೇಳಿದಳು.
ನನ್ನ ನಾಲಿಗೆಗೆ ಹತ್ತಲಿಲ್ಲ.
ಐದು ಸಲ ತಪ್ಪಿದೆ.
ಆರನೆಯದಕ್ಕೆ 'ಹೂಂ' ಅಂದಳು.
ನಮ್ಮ ಕಡೆ ಹೂಂ ಅಂದರೆ ಒಪ್ಪಿದೆ ಅಂತಲ್ಲ, ಕೇಳಿಸಿತು ಅಂತ.
ಅವಳದು ಯಾವ ಹೂಂ,
ಇವತ್ತಿಗೂ ತಿಳಿಯದು.

ಜೂನಿನಲ್ಲಿ ಲಿಂಕನ್‌ನಿಂದ ಪರಿಶೀಲಕಿ ಬಂದಳು.
ಪೆನ್ನಿನ ತುದಿಯಿಂದ ಕೊನೆಯ ಸಾಲು ಮುಟ್ಟಿ ಕೇಳಿದಳು:
'ಎಲ್ಲರಿಗೂ ಅರ್ಧರ್ಧ ಅಂಕ ಹೆಚ್ಚಿದೆ. ಎಲ್ಲಿಂದ ಬಂತು?'
'ರೌಂಡಿಂಗ್' ಅಂದೆ.
ಹುಬ್ಬೇರಿಸಿದಳು.

ಆಮೇಲೆ ನಾನು ಏನೂ ಅನ್ನಲಿಲ್ಲ.
ಮೇಜಿನಂಚು ನೋಡಿದೆ, ಅಷ್ಟೆ.
ಮೂರು ನಿಮಿಷಕ್ಕೆ
ತಾನೇ ಸಹಿ ಹಾಕಿದಳು.